ಅಡುಗೆಮನೆಯಲ್ಲಿ ಆಕಾಶ

ಶಾಲೆಯವರು ಚಿತ್ರಕಲೆಯ ಪೀರಿಯಡ್ಡನ್ನು ತೆಗೆದು ಆ ಜಾಗಕ್ಕೆ ಕಂಪ್ಯೂಟರ್ ಹಾಕಿದ ಮೇಲೆ ಅಲ್ಲಿ ಚಿತ್ರ ಕಲಿಸುತ್ತಿದ್ದ ಸೊಸೆ ಮನೆಯಲ್ಲಿ ಕೈಕಟ್ಟಿ ಕೂರುವಂತಾಯಿತು. ಕೈಕಟ್ಟಿ ಕೂತು ಅಭ್ಯಾಸವಿದ್ದ ಹೆಂಗಸಲ್ಲ ಅವಳು. ಮೊದಲ ವಾರ ಕಪಾಟುಗಳಲ್ಲಿದ್ದುದನ್ನೆಲ್ಲ ಹೊರಗೆ ತೆಗೆದು ಒರೆಸಿಟ್ಟಳು. ಎರಡನೆಯ ವಾರ ಒರೆಸಿದ್ದನ್ನೇ ಮತ್ತೆ ಒರೆಸಿದಳು. ಅವಳು ಉಪ್ಪಿನ ಡಬ್ಬಿಯ ಜಾಗ ಬದಲಾಯಿಸಿದ ದಿನ ಅತ್ತೆಗೆ ತಡೆಯಲಾಗಲಿಲ್ಲ. ನನ್ನ ಅಡುಗೆಮನೆಗೆ ಕೈ ಹಾಕುವ ಬದಲು ಬೀದಿಯ ನಾಲ್ಕು ಮಕ್ಕಳಿಗೆ ಬಣ್ಣ ಹಚ್ಚುವುದನ್ನಾದರೂ ಹೇಳಿಕೊಡಬಾರದೇ ಎಂದುಬಿಟ್ಟರು. ಅವರು ಹೇಳಿದ್ದು ಬೇಸರಕ್ಕೆ. ಸೊಸೆ ಅದನ್ನು ಅನುಮತಿ ಎಂದೇ ತಿಳಿದಳು.

ಸುದ್ದಿ ಹರಡಲು ಬೇರೆ ಯಾರೂ ಬೇಕಾಗಲಿಲ್ಲ. ಮೊಮ್ಮಗಳು ಗುಬ್ಬಿ ಒಬ್ಬಳೇ ಸಾಕಾದಳು. ಅವಳಿಗೆ ಬೇರೆ ಹೆಸರು ಇತ್ತಾದರೂ ಅದು ಶಾಲೆಯ ಹಾಜರಿಯಲ್ಲಿ ಮಾತ್ರ ಬಳಕೆಯಲ್ಲಿತ್ತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಹುಡುಗಿಗೆ ಅಜ್ಜ ಇಟ್ಟ ಹೆಸರೇ ನಿಂತಿತ್ತು. ವಾರ ಕಳೆಯುವಷ್ಟರಲ್ಲಿ ಸಂಜೆ ಶಾಲೆ ಬಿಟ್ಟ ಮಕ್ಕಳು ಬ್ರಷ್ಷು, ಬಣ್ಣದ ಡಬ್ಬಿ ಹಿಡಿದು ಮನೆಯ ಹಾಲಿಗೆ ಬಂದು ಕೂತರು.

ಹಾಲ್ ಬೀದಿಯ ಕಡೆಗಿತ್ತು. ಮನೆಯಲ್ಲಿ ಚೆನ್ನಾಗಿ ಬೆಳಕು ಬೀಳುವ ಕೋಣೆ ಅದೊಂದೇ. ಸೊಸೆ ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ, ಹಾಳೆಗಳ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಹಲಗೆಗಳ ಮೇಲೆ ಬಿಗಿದು, ಒಬ್ಬೊಬ್ಬರ ಮುಂದೆಯೂ ಎರಡೆರಡು ಲೋಟ ನೀರಿಟ್ಟಳು. ಒಂದು ಬ್ರಷ್ ತೊಳೆಯುವುದಕ್ಕೆ, ಇನ್ನೊಂದು ಬಣ್ಣ ಕಲಸುವುದಕ್ಕೆ. ಬ್ರಷ್ಷನ್ನು ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಬೇಡಿ, ಅದರ ಕೂದಲು ಸೊಟ್ಟಗಾಗುತ್ತದೆ ಎಂದಳು. ಬಿಳಿ ಬಣ್ಣ ಯಾಕಿಲ್ಲ ಎಂದು ಮಕ್ಕಳು ಕೇಳಿದರೆ, ಬಿಳಿ ಬೇಕಾದ ಕಡೆ ಏನೂ ಹಚ್ಚದೆ ಕಾಗದವನ್ನು ಹಾಗೇ ಬಿಡಬೇಕು ಎಂದಳು. ಇದನ್ನು ಯಾರೂ ನಂಬಲಿಲ್ಲ. ಬಿಳಿ ಮೊಲ ಬರೆಯಲು ಹೋಗಿ ಸುತ್ತಲಿನ ಬಣ್ಣದಲ್ಲಿ ಮೊಲವೇ ಮುಳುಗಿಹೋದ ಮೇಲೆ ನಂಬಿದರು.

ಅಜ್ಜನಿಗೆ ಮೊದಲ ದಿನಗಳಲ್ಲಿ ಇದೆಲ್ಲ ಖುಷಿಯೇ. ಅವರು ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರು ಪಿಸುಮಾತು ಎಂದುಕೊಂಡು ಆಡಿದ್ದು ಎದುರುಮನೆಗೆ ಕೇಳಿಸುತ್ತಿತ್ತು. ನಿವೃತ್ತಿಯಾದ ಮೇಲೆ ಗದರುವುದಕ್ಕೆ ಜನವೇ ಇಲ್ಲದೆ ಸೊರಗಿದ್ದ ಅವರಿಗೆ ಈಗ ಮನೆ ಬಾಗಿಲಿಗೇ ಜನ ಬಂದ ಹಾಗಾಯಿತು. ಕಿಟಕಿಯ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತು, ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ನಡೀರಿ ಎಂದು ಮಕ್ಕಳನ್ನು ಒಳಕ್ಕೆ ಸಾಗಿಸುತ್ತಿದ್ದರು. ಚಪ್ಪಲಿಗಳನ್ನು ಸಾಲಾಗಿ ಬಿಡಿಸುತ್ತಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಮೇಲೆ ಅವರು ಚಿತ್ರಗಳ ಕಡೆಗೆ ತಿರುಗಿದರು. ಈ ಮರ ಯಾಕೆ ಓರೆಯಾಗಿದೆ, ಈ ಮನೆಗೆ ಬಾಗಿಲು ಎಲ್ಲಿ, ಬಣ್ಣ ಗೆರೆ ದಾಟಿ ಹೊರಗೆ ಬಂದಿದೆಯಲ್ಲ. ಸೊಸೆ ಮೆತ್ತಗೆ ಹೇಳಿ ನೋಡಿದಳು, ನೀರುಬಣ್ಣ ದಾಟಲಿ ಅಂತಲೇ ಬಿಡುತ್ತಿದ್ದೇನೆ ಮಾವ, ಎಂದು. ಅವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ತಪ್ಪು ಕಂಡಲ್ಲಿ ತಿದ್ದುವುದು ದೊಡ್ಡವರ ಕೆಲಸ ಎಂದರು. ರಾತ್ರಿ ಊಟಕ್ಕೆ ಕೂತಾಗ ಅವರ ಕಡೆಯಿಂದಲೂ ದೂರುಗಳಿದ್ದವು. ಪೇಪರಿನ ಕ್ರೀಡಾಪುಟ ನೇರಳೆಯಾಗಿದೆ, ಟಿವಿಯ ಸದ್ದು ಕಡಿಮೆ ಮಾಡು ಅಂತ ಹೇಳುವಷ್ಟು ದೊಡ್ಡವಳಾಗಿದ್ದಾಳೆ ಗುಬ್ಬಿ. ಮಗ ಟೈರ್ ಅಂಗಡಿಯಲ್ಲಿ ದಿನವಿಡೀ ದುಡಿದು ಬಂದವನು, ಅಪ್ಪನಿಗೂ ಹೂಂ ಅಂದ, ಹೆಂಡತಿಗೂ ಹೂಂ ಅಂದ, ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡ.

ಆ ಮಕ್ಕಳಲ್ಲಿ ಗಡಿಯಾರ ರಿಪೇರಿಯವರ ಮಗಳು ಒಬ್ಬಳಿದ್ದಳು. ಗುಬ್ಬಿಯ ಓರಗೆಯವಳು, ಮಾತು ಕಡಿಮೆ, ಕೈ ನಿಧಾನ. ಉಳಿದವರು ನಾಯಿ, ಕಾರು, ಹಡಗು ಎಂದು ಓಡುತ್ತಿದ್ದರೆ ಇವಳು ಆಕಾಶವೊಂದನ್ನೇ ಹಿಡಿದು ಕೂತಿದ್ದಳು. ಕಾಗದವನ್ನು ಪೂರ್ತಿ ಒದ್ದೆ ಮಾಡಿ, ಕೆಳಗಿನಿಂದ ಹಳದಿ, ಮೇಲಿನಿಂದ ನೀಲಿ ಬಿಡುವುದು. ಎರಡೂ ನಡುವೆ ಎಲ್ಲೋ ತಾವಾಗಿಯೇ ಕೂಡಿಕೊಳ್ಳಬೇಕು. ಅವಳಿಗೆ ಅದು ಒಮ್ಮೆ ಹಸಿರಾಗುತ್ತಿತ್ತು, ಒಮ್ಮೆ ಕೆಸರಾಗುತ್ತಿತ್ತು. ಅವಳು ಹಾಳೆ ತೆಗೆದಿಟ್ಟು ಇನ್ನೊಂದನ್ನು ಬಿಗಿಯುತ್ತಿದ್ದಳು.

ಹೀಗಿರುವಾಗ ಸೊಸೆಗೆ ಹಲ್ಲುನೋವು ಬಂತು. ದವಡೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೊರಟವಳು, ಇವತ್ತು ಕ್ಲಾಸಿಲ್ಲ, ಎಲ್ಲರನ್ನೂ ವಾಪಸ್ ಕಳಿಸು ಎಂದು ಗುಬ್ಬಿಗೆ ಹೇಳಿದ್ದಳು. ಅಜ್ಜ ಒಪ್ಪಲಿಲ್ಲ. ಬಂದವರನ್ನು ಸ್ಟಾಪಿನಲ್ಲೇ ಬಿಟ್ಟುಹೋಗುವುದು ತಮ್ಮ ಜಾಯಮಾನದಲ್ಲಿಲ್ಲ ಎಂದು ತಾವೇ ಕ್ಲಾಸು ಹಿಡಿದರು. ಎಲ್ಲರಿಗೂ ಸ್ಕೇಲು ಕೊಟ್ಟು ಬಸ್ಸು ಬರೆಸಿದರು. ಬಸ್ಸು ಒಣಗುವಷ್ಟರಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಚಿತ್ರಗಳ ಮುಂದೆ ನಿಂತು, ಜೇಬಿನಿಂದ ಕೆಂಪು ಪೆನ್ನು ತೆಗೆದು, ಮಾರ್ಕ್ಸ್ ಹಾಕುತ್ತ ಬಂದರು. ಗಡಿಯಾರದವರ ಹುಡುಗಿಯ ಆಕಾಶದ ಮುಂದೆ ಸ್ವಲ್ಪ ಹೊತ್ತು ನಿಂತರು. ಕೆಳಗೆ ಹಳದಿ, ಮೇಲೆ ನೀಲಿ, ನಡುವೆ ಬೂದಿಯೂ ಅಲ್ಲದ ನೇರಳೆಯೂ ಅಲ್ಲದ ಒಂದು ಬಣ್ಣ. ಅವರು ಮೂಲೆಯಿಂದ ಮೂಲೆಗೆ ಎರಡು ಗೀಟು ಎಳೆದು, ಆಕಾಶ ಹೀಗಿರುವುದಿಲ್ಲ ಎಂದು ಬರೆದು, ಪಕ್ಕದಲ್ಲಿ ಸೊನ್ನೆ ಸುತ್ತಿದರು.

ಹುಡುಗಿ ಅಳಲಿಲ್ಲ. ಬ್ರಷ್ಷು ಒರೆಸಿ ಡಬ್ಬಿಗೆ ಹಾಕಿದಳು. ತನ್ನ ಎರಡೂ ಲೋಟಗಳನ್ನು ತೊಳೆದು ಬೋರಲು ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಸೊಸೆ ಹಲ್ಲು ಕೀಳಿಸಿಕೊಂಡು, ಬಾಯಿಗೆ ಹತ್ತಿ ತುರುಕಿಕೊಂಡು ಮನೆಗೆ ಬಂದಳು. ಗುಬ್ಬಿ ಬಾಗಿಲಲ್ಲೇ ಎಲ್ಲ ಒಪ್ಪಿಸಿದಳು. ಸೊಸೆ ಆ ಚಿತ್ರವನ್ನು ತೆಗೆದುಕೊಂಡು ಹೋಗಿ ಮಾವನ ಮುಂದೆ ಹಿಡಿದಳು. ಏನು ಅನ್ನುವ ಹಾಗೆ ಅವರು ಹುಬ್ಬೇರಿಸಿದರು. ಒಂದು ಗಂಟೆ ಬಾಯಿ ತೆರೆಯಬೇಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಹತ್ತಿಯನ್ನು ಹೊರಗೆ ತೆಗೆದಳು.

"ಮಾವ, ಇದು ಬಸ್ಸಲ್ಲ."

"ಗೊತ್ತಮ್ಮ."

"ಗೊತ್ತಿದ್ದಿದ್ರೆ ಮಕ್ಕಳ ಚಿತ್ರಕ್ಕೆ ಗೀಟು ಎಳೀತಿರ್ಲಿಲ್ಲ. ಇದೊಂದು ಆಕಾಶಕ್ಕೆ ಆ ಹುಡುಗಿ ಎಷ್ಟು ಹಾಳೆ ಕೆಡಿಸಿಕೊಂಡಿದ್ಲು ಗೊತ್ತಾ?"

"ಕೆಡಿಸಿದ್ದಕ್ಕೇ ಸೊನ್ನೆ ಹಾಕಿದ್ದು. ಸರ್ವೀಸಲ್ಲಿದ್ದಾಗ ತಪ್ಪನ್ನ ತಪ್ಪು ಅಂತಲೇ ಮುಖಕ್ಕೆ ಹೇಳ್ತಿದ್ದೆ. ಯಾರೂ ಬಸ್ ಹತ್ತೋದು ಬಿಡ್ಲಿಲ್ಲ."

"ಅವರಿಗೆ ಕೆಲಸಕ್ಕೆ ಹೋಗ್ಬೇಕಿತ್ತು, ಅದಕ್ಕೆ ಹತ್ತಿದ್ರು. ಈ ಮಕ್ಕಳು ಇಷ್ಟ ಆದ್ರೆ ಬರ್ತಾರೆ, ಇಲ್ದಿದ್ರೆ ಇಲ್ಲ."

ಆ ಮಾತು ನಾಟಿತು. ನಾಟಿದ್ದಕ್ಕೇ ಅವರ ದನಿ ಏರಿತು. ಹಾಗಾದರೆ ಬರುವುದೇ ಬೇಡ, ನಾಳೆಯಿಂದ ನನ್ನ ಹಾಲಿನಲ್ಲಿ ಬಣ್ಣ ಇಲ್ಲ, ನೀರಿಲ್ಲ, ಹರಕು ಬೆಡ್‌ಶೀಟ್ ಇಲ್ಲ ಎಂದರು. ಎದುರುಮನೆಯವರು ಕಿಟಕಿ ತೆರೆದರು. ಸೊಸೆಯ ಕಣ್ಣಲ್ಲಿ ನೀರು ಬಂತು, ಹಲ್ಲಿನ ನೋವಿಗೋ ಬೇರೆ ನೋವಿಗೋ ಅವಳಿಗೇ ಗೊತ್ತಾಗಲಿಲ್ಲ. ಶಾಲೆಯಲ್ಲಿ ಒಮ್ಮೆ ಕಿತ್ತುಕೊಂಡಿದ್ದನ್ನು ಈಗ ಮನೆಯಲ್ಲೂ ಕಿತ್ತುಕೊಂಡ ಹಾಗಾಗಿತ್ತು.

ಒಳಗೆ ಹುರುಳಿಕಾಯಿ ಸೋಸುತ್ತಿದ್ದ ಅಜ್ಜಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಅವರು ದೊಡ್ಡ ದನಿಯಲ್ಲಿ ಮಾತಾಡಿದವರೇ ಅಲ್ಲ. ಮನೆಯಲ್ಲಿ ಒಬ್ಬರು ಸಾಕು ಎಂಬುದು ಅವರ ಲೆಕ್ಕ.

"ಹಾಲ್ ನಿಮ್ದೇ ಇರ್ಲಿ ಬಿಡಿ, ಯಾರು ಕೇಳಿದ್ರು. ಅಡುಗೆಮನೆ ನಂದು. ನಾಳೆಯಿಂದ ಮಕ್ಕಳು ಅಲ್ಲಿ ಕೂತ್ಕೋತಾರೆ."

ಅಡುಗೆಮನೆ ಹೆಸರಿಗೆ ದೊಡ್ಡದು, ಅಷ್ಟೇ. ಅದರಲ್ಲಿ ಉದ್ದನೆಯ ಒಂದು ಮೇಜು, ಒಂದು ಸಿಂಕು, ಹಿತ್ತಿಲ ಕಡೆಗೆ ಒಂದು ಬಾಗಿಲು. ಮಕ್ಕಳು ಹಿಂಬಾಗಿಲಿನಿಂದ ಬರತೊಡಗಿದರು. ಮೇಜಿನ ಒಂದು ತುದಿಯಲ್ಲಿ ಆನೆಗೆ ಬಣ್ಣ, ಇನ್ನೊಂದು ತುದಿಯಲ್ಲಿ ಈರುಳ್ಳಿ. ಅಜ್ಜಿ ಒಲೆಯ ಮುಂದಿನಿಂದ ಸಿಂಕಿಗೆ ಬರಬೇಕಾದರೆ ಎಲ್ಲರೂ ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕಾಗಿತ್ತು. ಸಂಜೆ ಬೇಗ ಬಂದ ಮಗ ಒಂದು ದಿನ ಮಾತಿನ ನಡುವೆ ಬ್ರಷ್ ತೊಳೆದ ಲೋಟದಲ್ಲಿ ಬಿಸ್ಕತ್ತು ಅದ್ದಿದ. ಚಹಾ ಯಾಕೋ ತಣ್ಣಗಿದೆ ಎಂದ. ಮಕ್ಕಳು ನಕ್ಕು ನಕ್ಕು ನೆಲದ ಮೇಲೆ ಬಿದ್ದರು. ಆ ನಗು ಹಾಲಿನವರೆಗೂ ಹೋಯಿತು. ಅಲ್ಲಿ ಟಿವಿ ನೋಡುತ್ತಿದ್ದ ಅಜ್ಜ ಸದ್ದು ಹೆಚ್ಚಿಸಿದರು. ಸ್ವಲ್ಪ ಹೊತ್ತಿನ ಮೇಲೆ ಪೂರ್ತಿ ಕಡಿಮೆ ಮಾಡಿದರು.

ಊಟದ ಹೊತ್ತೆಲ್ಲ ತಲೆಕೆಳಗಾಯಿತು. ಬ್ರೆಡ್ಡು, ಮೊಟ್ಟೆ ಮತ್ತೆ ಮತ್ತೆ ಬಂದವು. ಅಜ್ಜ ಮುಖ ಊದಿಸಿಕೊಂಡು ಹಾಲಿನಲ್ಲೇ ಒಬ್ಬರೇ ಉಣ್ಣುತ್ತಿದ್ದರು. ತಟ್ಟೆ ಒಯ್ಯುವುದು, ಮಾತು ಒಯ್ಯುವುದು ಎರಡೂ ಮಗನ ಪಾಲಿಗೆ ಬಂದವು. ಉಪ್ಪು ಕಡಿಮೆಯಂತೆ ಎಂದು ಅಲ್ಲಿಂದ ಬರುತ್ತಿದ್ದ, ಉಪ್ಪು ಮೇಜಿನ ಮೇಲೇ ಇದೆಯಂತೆ ಎಂದು ಇಲ್ಲಿಂದ ಹೋಗುತ್ತಿದ್ದ. ಲಾರಿಯ ಹಿಂದಿನ ಚಕ್ರ ಕಳಚುವುದು ಇದಕ್ಕಿಂತ ಸುಲಭ ಎಂದು ಹೆಂಡತಿಯ ಹತ್ತಿರ ಗೊಣಗಿದ. ಅವಳು ನಕ್ಕಳು, ಆದರೆ ಪೂರ್ತಿ ನಗಲಿಲ್ಲ.

ಯಾಕೆಂದರೆ ಗಡಿಯಾರದವರ ಹುಡುಗಿ ಬಂದಿರಲಿಲ್ಲ. ಸೊಸೆ ಅವಳ ಮನೆಗೆ ಹೋಗಿ ಕರೆದಿದ್ದಳು. ಹುಡುಗಿ ತಲೆ ತಗ್ಗಿಸಿಕೊಂಡು, ಹೋಂವರ್ಕ್ ಇದೆ ಎಂದಿದ್ದಳು. ಸೊಸೆ ಪ್ರತಿ ಸಂಜೆ ಮೇಜಿನ ಮೇಲೆ ಅವಳ ಪಾಲಿನ ಎರಡು ಲೋಟ ನೀರನ್ನೂ ತುಂಬಿಡುತ್ತಿದ್ದಳು. ಕ್ಲಾಸು ಮುಗಿದ ಮೇಲೆ ಆ ತಿಳಿನೀರನ್ನು ಹಾಗೆಯೇ ಸಿಂಕಿಗೆ ಚೆಲ್ಲುತ್ತಿದ್ದಳು. ಅಜ್ಜಿ ಅದನ್ನು ನೋಡಿಯೂ ನೋಡದ ಹಾಗೆ ಪಾತ್ರೆ ಉಜ್ಜುತ್ತಿದ್ದರು.

ಗುಬ್ಬಿಗೆ ಅಜ್ಜನ ಹತ್ತಿರ ಜಗಳ ಆಡಲು ಯಾರ ಭಯವೂ ಇರಲಿಲ್ಲ. ದಿನಾ ಸಂಜೆ ಇಬ್ಬರೂ ಕೇರಂ ಆಡುವ ರೂಢಿ. ಅವಳು ಆಟ ನಿಲ್ಲಿಸಿಬಿಟ್ಟಳು. ಗಡಿಯಾರದವರ ಹುಡುಗಿ ವಾಪಸ್ ಬರುವ ತನಕ ನಿಮ್ಮ ಜೊತೆ ಆಟ ಇಲ್ಲ ಎಂದಳು. ಅಜ್ಜ ಒಬ್ಬರೇ ಎರಡೂ ಕಡೆ ಕೂತು ಆಡಿ ನೋಡಿದರು. ಎರಡು ಕಡೆಯೂ ಸೋತ ಹಾಗೆ ಅನ್ನಿಸಿತು.

"ನಾನು ಬರೆದಿದ್ರಲ್ಲಿ ಸುಳ್ಳೇನಿದೆ ಹೇಳು," ಎಂದು ಕೊನೆಗೆ ಗುಬ್ಬಿಯನ್ನೇ ಕೇಳಿದರು. "ಆಕಾಶ ನೀಲಿ ಅಲ್ವಾ?"

ಗುಬ್ಬಿ ಅವರ ಕೈ ಹಿಡಿದು ಕಿಟಕಿಗೆ ಎಳೆದುಕೊಂಡು ಹೋದಳು. ಬಾಗಿ ಮೇಲೆ ನೋಡಿ ಎಂದಳು. ಎದುರಿನ ಸಾಲುಮನೆಗಳ ತಾರಸಿಯ ಮೇಲೆ ಹಳದಿ ಇತ್ತು. ನೆತ್ತಿಯ ಕಡೆ ನೀಲಿ ಇತ್ತು. ನಡುವಿನದ್ದಕ್ಕೆ ಅಜ್ಜನಿಗೆ ಹೆಸರು ಹೊಳೆಯಲಿಲ್ಲ. ಇವತ್ತು ಏನೋ ಮೋಡ ಇರಬೇಕು ಎಂದು ಕುರ್ಚಿಗೆ ಹಿಂತಿರುಗಿದರು.

ಮರುದಿನ ಯಾರೂ ಕರೆಯದೆ ತಾವೇ ಎದ್ದು ಕಿಟಕಿಗೆ ಹೋದರು. ಅದರ ಮರುದಿನವೂ ಹೋದರು. ಆಕಾಶ ಒಂದು ದಿನ ತಾಮ್ರದ ಬಣ್ಣಕ್ಕಿತ್ತು, ಒಂದು ದಿನ ತೊಳೆದ ಸ್ಲೇಟಿನ ಹಾಗಿತ್ತು. ತಾವು ಹೇಳಿದ ನೀಲಿ ಮಾತ್ರ ಆ ವಾರವೆಲ್ಲ ಒಂದು ಸಂಜೆಯೂ ಬರಲಿಲ್ಲ. ಚಹಾ ತಂದಿಟ್ಟ ಹೆಂಡತಿಗೆ ಅವರು ಹೇಳಿದರು:

"ಇಷ್ಟು ವರ್ಷ ಬಸ್ಸಲ್ಲಿ ನಿಂತೇ ಇದ್ದೆ ನೋಡು. ನಿಂತವರಿಗೆ ಬಸ್ಸಿನ ಕಿಟಕಿಯಲ್ಲಿ ರಸ್ತೆ ಕಾಣುತ್ತೆ, ಚಕ್ರ ಕಾಣುತ್ತೆ. ಆಕಾಶ ಕಾಣಲ್ಲ."

"ಅದನ್ನ ನನಗೆ ಹೇಳಿ ಏನು ಉಪಯೋಗ," ಎಂದು ಅಜ್ಜಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಗಡಿಯಾರ ರಿಪೇರಿಯ ಅಂಗಡಿ ಬೀದಿಯ ತಿರುವಿನಲ್ಲಿತ್ತು. ಒಬ್ಬ ಮನುಷ್ಯ, ಒಂದು ಗಾಜಿನ ಪೆಟ್ಟಿಗೆ, ಗೋಡೆಯ ತುಂಬ ಒಂದೊಂದು ಹೊತ್ತು ತೋರಿಸುವ ಗಡಿಯಾರಗಳು. ಶಾಲೆ ಬಿಟ್ಟ ಮೇಲೆ ಹುಡುಗಿ ಅಪ್ಪನ ಹಿಂದೆ ಸ್ಟೂಲಿನ ಮೇಲೆ ಕೂತು ಪಾಠ ಓದುತ್ತಿದ್ದಳು. ಅಜ್ಜ ಹೋಗಿ ತಮ್ಮ ಕೈಗಡಿಯಾರ ಬಿಚ್ಚಿ ಕೊಟ್ಟರು, ಸ್ವಲ್ಪ ನೋಡಿ ಎಂದರು. ರಿಪೇರಿಯವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, ಏನೂ ಆಗಿಲ್ಲ ಎಂದು ವಾಪಸ್ ಕೊಟ್ಟರು. ಅಜ್ಜ ಹುಡುಗಿಯ ಕಡೆ ನೋಡಿದರು, ಕೆಮ್ಮಿದರು, ಮನೆಗೆ ಬಂದರು. ಮಾರನೆಯ ದಿನ ಮತ್ತೆ ಹೋಗಿ, ನಿಧಾನ ಓಡುತ್ತಿದೆ ಅನ್ನಿಸುತ್ತದೆ ಎಂದರು. ಅದರ ಮಾರನೆಯ ದಿನ, ಇಲ್ಲ, ಜೋರಾಗಿ ಓಡುತ್ತಿದೆ ಎಂದರು. ಆಗ ರಿಪೇರಿಯವರು ಮಸೂರ ತೆಗೆದು ಕೆಳಗಿಟ್ಟರು.

"ಯಜಮಾನ್ರೆ, ವಾಚು ಸರಿಯಾಗೇ ಇದೆ. ನಿಮಗೇ ಏನೋ ಆಗಿದೆ. ಅವಳು ಇಲ್ಲೇ ಇದ್ದಾಳೆ, ಹೇಳೋದಿದ್ರೆ ಹೇಳಿ."

ಅಜ್ಜ ಗಂಟಲು ಸರಿಮಾಡಿಕೊಂಡರು. ಅವರ ಪಿಸುಮಾತಿಗೆ ಪಕ್ಕದ ಔಷಧಿ ಅಂಗಡಿಯವರೂ ಇಣುಕಿದರು.

"ನೋಡಮ್ಮ, ನಿನ್ನ ಚಿತ್ರಕ್ಕೆ ನಾನು ಗೀಟು ಎಳೀಬಾರ್ದಿತ್ತು. ತಪ್ಪಾಯ್ತು."

ಹುಡುಗಿ ಪುಸ್ತಕದಿಂದ ತಲೆ ಎತ್ತಿದಳು. "ನಿಮಗೆ ಆಕಾಶ ಮಾಡೋಕೆ ಬರುತ್ತಾ ಅಜ್ಜ?"

"ಇಲ್ಲ."

"ಮತ್ತೆ ಅದು ತಪ್ಪು ಅಂತ ಹೇಗೆ ಗೊತ್ತಾಯ್ತು?"

ಅಜ್ಜ ಕೈಗಡಿಯಾರದ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿಕೊಂಡರು. ಗೋಡೆಯ ಗಡಿಯಾರಗಳೆಲ್ಲ ಟಿಕ್ಕೆನ್ನುತ್ತಿದ್ದವು. ಹುಡುಗಿ ಯೋಚಿಸಿ ಯೋಚಿಸಿ ಒಂದು ಷರತ್ತು ಹಾಕಿದಳು. ನಾನು ಬರಬೇಕಾದರೆ ನೀವೂ ಬಂದು ಕೂರಬೇಕು, ಆಕಾಶ ಮಾಡಬೇಕು.

ಮರುದಿನ ಸಂಜೆ ಅಡುಗೆಮನೆಯ ಬಾಗಿಲಲ್ಲಿ ಅಜ್ಜ ನಿಂತಿದ್ದರು. ಅವರ ಪಕ್ಕದಲ್ಲಿ ಗಡಿಯಾರದವರ ಹುಡುಗಿ, ಕೈಯಲ್ಲಿ ಬಣ್ಣದ ಡಬ್ಬಿ. ಹಾಲಿನ ಗಲಾಟೆಯಾದ ಮೇಲೆ ಮಾವ ಸೊಸೆ ನೇರವಾಗಿ ಮಾತಾಡಿರಲಿಲ್ಲ. ಸೊಸೆ ಅವರನ್ನು ನೋಡಿದಳು, ಹುಡುಗಿಯನ್ನು ನೋಡಿದಳು.

"ಒಂದು ಸೀಟು ಸಿಗುತ್ತೇನಮ್ಮ?" ಎಂದರು ಅಜ್ಜ.

ಸೊಸೆ ಮೇಜಿನ ಬಳಿ ಜಾಗ ಮಾಡಿದಳು. ಸ್ಟೂಲು ಎಳೆದು ಹಾಕಿ, "ಒಳಗೆ ನಡೀರಿ ಮಾವ, ಬಾಗಿಲಲ್ಲಿ ನಿಲ್ಬೇಡಿ," ಎಂದಳು. ಮೊದಲು ನಕ್ಕವರು ಅಜ್ಜಿ.

ಅಜ್ಜ ಒಳ್ಳೆಯ ವಿದ್ಯಾರ್ಥಿಯಾಗಿರಲಿಲ್ಲ. ಬ್ರಷ್ಷನ್ನು ಟಿಕೆಟ್ ಪಂಚಿನ ಹಾಗೆ ಹಿಡಿದು ಒತ್ತುತ್ತಿದ್ದರು. ಹಚ್ಚಿದ ಬಣ್ಣ ಹರಿದುಕೊಂಡು ಹೋದರೆ ಅದರ ಹಿಂದೆಯೇ ಬ್ರಷ್ ಓಡಿಸಿ ಹಿಡಿಯಲು ನೋಡುತ್ತಿದ್ದರು. ಮೊದಲನೆಯ ಆಕಾಶ ಕೆಸರಾಯಿತು. ಎರಡನೆಯದರಲ್ಲಿ ಕಾಗದವೇ ತೂತಾಯಿತು. ಮಕ್ಕಳು ನಗಬಾರದೆಂದು ಬಾಯಿ ಮುಚ್ಚಿಕೊಂಡಿದ್ದರು, ಗುಬ್ಬಿ ಮಾತ್ರ ಮುಚ್ಚಿಕೊಂಡಿರಲಿಲ್ಲ. ಗಡಿಯಾರದವರ ಹುಡುಗಿ ತನ್ನ ಕೆಲಸ ಬಿಟ್ಟು ಬಂದು ಅವರ ಕೈಯಿಂದ ಬ್ರಷ್ ತೆಗೆದಿಟ್ಟು, ಈಗ ಸುಮ್ಮನಿರಿ ಅಜ್ಜ, ಅದೇ ಹೋಗುತ್ತದೆ ಎಂದಳು. ಅವರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತರು. ಸುಮ್ಮನೆ ಕೂರುವುದು ಅವರಿಗೆ ಬರುತ್ತದೆಂದು ಮನೆಯವರಿಗೆ ಆವತ್ತೇ ಗೊತ್ತಾದದ್ದು. ಹಳದಿಯೂ ನೀಲಿಯೂ ಕಾಗದದ ನಡುವೆ ಮೆಲ್ಲಗೆ ಒಂದನ್ನೊಂದು ಮುಟ್ಟಿದವು. ಆಗಿದ್ದು ಬೆಳಗೋ ಸಂಜೆಯೋ ಹೇಳಲಾಗದ ಒಂದು ಬಣ್ಣ. ಅಜ್ಜ ಅದನ್ನೇ ನೋಡುತ್ತ ಕೂತರು, ಮಾರ್ಕ್ಸ್ ಎಷ್ಟು ಎಂದು ಕೇಳಲಿಲ್ಲ.

ಸೊಸೆ ಅದನ್ನು ಎತ್ತಿ ದೂರ ಹಿಡಿದು, ಮೇಲಿನ ಮೂಲೆಯಲ್ಲಿ ನೀರು ಹೆಚ್ಚಾಗಿದೆ ಮಾವ, ನಾಳೆ ಇನ್ನೊಂದು ಮಾಡಿ ಎಂದಳು. ಅವರು ವಾದಕ್ಕೆ ಬಂದರು, ನೀರು ಸರಿಯಾಗಿಯೇ ಇತ್ತು, ಮೇಜೇ ಓರೆ ಎಂದರು. ಮೇಜು ಓರೆಯಾಗಿದ್ದದ್ದೂ ನಿಜವೇ. ಇಷ್ಟು ಇಕ್ಕಟ್ಟಿನಲ್ಲಿ ಮಕ್ಕಳು ಹೇಗೆ ಕಲಿಯಬೇಕು, ನಾಳೆಯಿಂದ ಎಲ್ಲರೂ ಹಾಲಿಗೆ ಬನ್ನಿ ಎಂದು ಅವರೇ ಹೇಳಿದರು. ಬರಲಾರೆವೆಂದು ಯಾರೂ ಹೇಳಲಿಲ್ಲ. ಅಂದು ರಾತ್ರಿ ಎಲ್ಲರೂ ಒಂದೇ ಕಡೆ ಕೂತು ಉಂಡರು. ಮಗ ಯಾರಿಗೂ ಏನನ್ನೂ ಒಯ್ಯದೆ, ಮಾತೇ ಆಡದೆ, ಕಣ್ಣು ಮುಚ್ಚಿಕೊಂಡು ಉಂಡ.

ಅದಾದ ಮೇಲೆ ಕ್ಲಾಸು ಹಾಲಿನಲ್ಲಿ ಸರಾಗವಾಗಿ ನಡೆಯಿತು. ಅಡುಗೆಮನೆ ತನಗೇ ಉಳಿದದ್ದು ಅಜ್ಜಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಈರುಳ್ಳಿ ಹೆಚ್ಚುತ್ತ ಹೆಚ್ಚುತ್ತ ಹಾಲಿನ ಕಡೆ ಕಿವಿ ಹೋಗುತ್ತಿತ್ತು. ಒಗ್ಗರಣೆ ಒಮ್ಮೆ ಸೀದಿತು. ಇಷ್ಟು ದಿನ ಪಾತ್ರೆ ಉಜ್ಜುತ್ತ, ಚಹಾ ಸೋಸುತ್ತ, ಮಕ್ಕಳ ಬೆನ್ನ ಹಿಂದೆ ಓಡಾಡುತ್ತ ಅವರು ಎಲ್ಲರಿಗಿಂತ ಹೆಚ್ಚು ಪಾಠ ಕೇಳಿದ್ದರು. ಯಾರೂ ಅವರಿಗೆ ಕೂತುಕೊಳ್ಳಿ ಎಂದಿರಲಿಲ್ಲ, ಅವರಿಗೂ ಕೇಳಬೇಕೆಂದು ತೋಚಿರಲಿಲ್ಲ.

ಒಂದು ಭಾನುವಾರ ಸಂಜೆ ಎಲ್ಲರೂ ಹಾಳೆ ಬಿಗಿಯುತ್ತಿದ್ದಾಗ ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಹಾಲಿಗೆ ಬಂದರು. ಸೊಸೆಯ ಹತ್ತಿರ ಒಂದು ಹಲಗೆ ಕೇಳಿದರು. ಕಿಟಕಿಯ ಹತ್ತಿರ, ಅಜ್ಜನ ಕುರ್ಚಿಯಲ್ಲೇ ಕೂತರು. ಅಜ್ಜ ಸೊಸೆಯ ಮುಖ ನೋಡಿದರು.

"ಚಹಾ?" ಎಂದು ಕೇಳಿದರು.

"ಮಾಡಿ," ಎಂದರು ಅಜ್ಜಿ. "ಮಕ್ಕಳಿಗೂ ಸೇರಿಸಿ ಮಾಡಿ."

ಅಜ್ಜ ಅಡುಗೆಮನೆಗೆ ಹೋದರು. ಪಾತ್ರೆಗಳು ಉರುಳುವ ಸದ್ದು ಬಂತು, ಕಪಾಟಿನ ಬಾಗಿಲು ಒಂದಾದ ಮೇಲೆ ಒಂದು ತೆರೆದು ಬಡಿದವು. ಮಗ ಏಳಲು ಹೋದ. ಸೊಸೆ ಅವನ ತೋಳು ಹಿಡಿದು ಕೂರಿಸಿದಳು. ಅಜ್ಜಿ ಅಗಲವಾದ ಬ್ರಷ್ಷನ್ನು ತಿಳಿನೀರಿನಲ್ಲಿ ಅದ್ದಿ ಕಾಗದವನ್ನು ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮನೆ ಒದ್ದೆ ಮಾಡಿದರು. ಬಣ್ಣ ತೆಗೆದುಕೊಂಡರು. ಅವರು ಆರಿಸಿದ್ದು ನೀಲಿಯೂ ಅಲ್ಲ, ಹಳದಿಯೂ ಅಲ್ಲ, ಕಡುಗೆಂಪು. ಕೆಂಪು ಕಾಗದದ ತುಂಬ ಹೂವಿನ ಹಾಗೆ ಅರಳಿಕೊಂಡಿತು. ಮಕ್ಕಳು ತಮ್ಮ ಹಲಗೆಗಳನ್ನು ಬಿಟ್ಟು ಅವರ ಸುತ್ತ ಕೂಡಿದರು.

"ಸಕ್ಕರೆ ಎಲ್ಲಿಟ್ಟಿದ್ದೀಯ?" ಎಂದು ಒಳಗಿನಿಂದ ಅಜ್ಜನ ದನಿ ಬಂತು. ಎದುರುಮನೆಯವರಿಗೂ ಕೇಳಿಸಿತು.

ಅಜ್ಜಿ ಹಾಳೆಯ ಮೇಲಿಂದ ಕಣ್ಣೆತ್ತಲಿಲ್ಲ.

"ಹುಡುಕ್ಕೊಳ್ಳಿ. ಕಾಗದ ಇನ್ನೂ ಒದ್ದೆ ಇದೆ, ಈಗ ನಾನು ಏಳೋ ಹಾಗಿಲ್ಲ."